ಹಳೆಯ ಜರಿ ಸೀರೆ

ನಮ್ಮ ಅರಕೆರೆಯ ಬೀದಿಗಳಲ್ಲಿ ‘ಹಳೇ ಜರಿ ಸೀರೆ ಇದ್ರೆ ಕೊಡ್ರವ್ವಾ’ ಎಂದು ಕೂಗುತ್ತ ಬರುತ್ತಿದ್ದವರು ಗಂಡಸರು. ಸೀರೆಯನ್ನು ಉಟ್ಟು ಅರಿಯದ ಅವರು ಅದಕ್ಕೆ ಬೆಲೆ ಕಟ್ಟುವುದಾದರೂ ಹೇಗೆ ಎಂಬುದು ಬಾಲ್ಯದಲ್ಲಿ ನನಗೊಂದು ಸೋಜಿಗ.

ಅವರು ಒಡಲಿನ ಬಣ್ಣವನ್ನು ನೋಡುತ್ತಲೇ ಇರಲಿಲ್ಲ. ನೇರವಾಗಿ ಸೆರಗಿಗೆ ಕೈ. ಅಪ್ಪಟ ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಉಗುರಿನಿಂದ ಕೆರೆದಾಗ ಬಿಳುಪು ಕಂಡರೆ ಬೆಳ್ಳಿ, ಕೆಂಪು ಕಂಡರೆ ತಾಮ್ರ. 1912ರಲ್ಲಿ ಆರಂಭವಾದ ಮೈಸೂರು ರೇಷ್ಮೆ ಕಾರ್ಖಾನೆಯ ಸೀರೆಗಳ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. ಕೊಂಡ ಸೀರೆಯನ್ನು ಸುಟ್ಟರೆ ರೇಷ್ಮೆ ಬೂದಿಯಾಗಿ ಬೆಳ್ಳಿ ಉಳಿಯುತ್ತದೆ. ನಮ್ಮ ತಾಯಿಯ ಧಾರೆ ಸೀರೆ ನನ್ನ ಪರೀಕ್ಷೆಯ ಶುಲ್ಕಕ್ಕಾಗಿ ಹೀಗೆಯೇ ಹೋಯಿತು.

ಸೀರೆಯನ್ನು ಸೀರೆಯಾಗಿಯೇ ಮಾರಬೇಕೆಂದು ಮುಂದೆ ನಾನು ಮೈಸೂರಿನಲ್ಲಿ ಸಣ್ಣ ಅಂಗಡಿ ಇಟ್ಟೆ. ಆದರೆ ನನ್ನದೂ ಆ ಗಂಡಸರ ಕಣ್ಣೇ, ಅಂಚನ್ನೇ ಹೊಗಳುತ್ತಿದ್ದೆ. ಬಂದ ಹೆಂಗಸರಾದರೋ ಸೀರೆಯನ್ನು ಪೂರ್ತಿ ಬಿಡಿಸಿ, ಮಡಿಸಿದ ಗೆರೆಯನ್ನು ಬೆಳಕಿಗೆ ಹಿಡಿಯುತ್ತಿದ್ದರು. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಿಸಿಟ್ಟ ರೇಷ್ಮೆ ಮೊದಲು ಸೀಳುವುದು ಅಲ್ಲಿಯೇ. ನೆರಿಗೆ ನಿಲ್ಲುತ್ತದೆಯೇ, ಜರಿ ಎಲ್ಲಿ ಕಪ್ಪಿಟ್ಟಿದೆ, ಇವೆಲ್ಲ ಗಿರಾಕಿಗಳಿಂದ ನಾನು ಕಲಿತ ಪಾಠ. (ಕಲಿಯಲು ಎರಡು ವರ್ಷದ ಲಾಭ ಹೋಯಿತೆನ್ನಿ.)

‘ಇದು ಯಾರು ಉಟ್ಟದ್ದಪ್ಪ?’ ಎಂದು ಒಬ್ಬರು ಕೇಳಿದಾಗ ಮಾತ್ರ ನಾನು ನಿರುತ್ತರನಾದೆ. ಅಂದಿನಿಂದ ಮಾರಲು ಬಂದವರನ್ನು ಯಾವ ಮದುವೆಯದು, ಯಾರು ಕೊಡಿಸಿದ್ದು ಎಂದು ವಿಚಾರಿಸಿ ಚೀಟಿಯಲ್ಲಿ ಬರೆದಿಡತೊಡಗಿದೆ. ವ್ಯಾಪಾರಕ್ಕೆ ಇದರಿಂದ ನಷ್ಟವೂ ಉಂಟು. ಒಬ್ಬ ತಾಯಿ ಹೇಳುತ್ತ ಹೇಳುತ್ತಲೇ ಸೀರೆಯನ್ನು ಮರಳಿ ಚೀಲಕ್ಕಿಟ್ಟುಕೊಂಡು ಮನೆಗೆ ಹೊರಟುಬಿಟ್ಟರು.