‘ನಿಲ್ಲಿಸು’ ಅನ್ನೋರು ಯಾರು?

ದೀಪಾವಳಿಗೆ ಬೆಂಗಳೂರಿನಿಂದ ಅಂಜನಾಪುರಕ್ಕೆ ಬಂದಿಳಿದಾಗ ಮನೆ ಮುಂದೆ ಆಗಲೇ ಜಗಳ ನಡೀತಿತ್ತು. ಶಿಕಾರಿಪುರ, ಸೊರಬ ಕಡೆಯವರಿಗೆ ಹೋರಿ ಹಬ್ಬದ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು: ಕೊಬ್ಬರಿ ಹಾರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಿಸ್ತಾರೆ, ಹುಡುಗರು ಅದನ್ನು ಹಿಡಿದು ಕೊಬ್ಬರಿ ಹರಿಯೋಕೆ ನುಗ್ತಾರೆ. ದೊಡ್ಡಪ್ಪನ ಮಗ ವರ್ಷವಿಡೀ ಹುರುಳಿ, ಹತ್ತಿಕಾಳು ತಿನ್ನಿಸಿ ಹೋರಿ ಸಾಕಿದ್ದ. ಗೆಳೆಯರು ಅದರ ಹೆಸರಿನ ಟೀ ಶರ್ಟ್ ಕೂಡ ಮಾಡಿಸಿದ್ದರು.

ಚಿಕ್ಕಪ್ಪ ಹೋರಿಯ ಹಿಂಗಾಲು ಎತ್ತಿ ನೋಡಿ, “ಇದು ಇವತ್ತು ಓಡೋ ಹಂಗಿಲ್ಲ” ಅಂದರು.

“ಸ್ವಲ್ಪ ಕುಂಟ್ತೈತಿ ಅಷ್ಟೆ ಚಿಕ್ಕಪ್ಪಾ. ಊರೋರೆಲ್ಲಾ ಕಾಯ್ತಾ ಅದಾರೆ.”

“ಕಾಯ್ಲಿ ಬಿಡು.”

ಮಾತು ಕಮ್ಮಿ ಆಡೋ ಚಿಕ್ಕಪ್ಪ ಅಷ್ಟು ಗಟ್ಟಿಯಾಗಿ ಹೇಳಿದ್ದು ನಾನು ನೋಡಿದ್ದು ಅದೇ ಮೊದಲು. ಯಾಕೆ ಅಂತ ಗೊತ್ತಾಗಿದ್ದು ಸಂಜೆ, ಡ್ಯಾಂ ಏರಿ ಮೇಲೆ ಕೂತಾಗ.

ಮೂರು ಜನರ ಪ್ರಾಣಿ

ಚಿಕ್ಕಪ್ಪ ಸೇನೆಯ ರಿಮೌಂಟ್ ವೆಟರ್ನರಿ ಕೋರ್‌ನಲ್ಲಿ ಡ್ರೆಸ್ಸರ್ ಆಗಿದ್ದವರು. ಅಂದರೆ ಪ್ರಾಣಿಗಳ ಗಾಯ ತೊಳೆದು, ಮದ್ದು ಹಚ್ಚಿ, ಪಟ್ಟಿ ಕಟ್ಟುವ ಕೆಲಸ. 1779ರಷ್ಟು ಹಿಂದೆ ಶುರುವಾದ ಈ ದಳದ ತರಬೇತಿ ಕೇಂದ್ರ ಮೀರತ್‌ನಲ್ಲಿದೆ. ನಮ್ಮ ಮುಧೋಳ ನಾಯಿಗಳು 2016ರಲ್ಲಿ ತರಬೇತಿಗೆ ಹೋಗಿದ್ದೂ ಅಲ್ಲಿಗೇ.

ರಸ್ತೆ ಮುಗಿದ ಮೇಲಿನ ಪೋಸ್ಟ್‌ಗಳಿಗೆ ಸಾಮಾನು ಹೊರುವುದು ಹೇಸರಗತ್ತೆ. ಅದು ಆರ್ಮಿ ಸರ್ವಿಸ್ ಕೋರ್‌ನ ಸಾಗಣೆ ತುಕಡಿಗೆ ಸೇರಿದ್ದು. ಗಾಯವಾದರೆ ನೋಡುವವರು ವೆಟರ್ನರಿ ಕೋರ್‌ನವರು. ಈ ರಾತ್ರಿ ಯಾವ ಪೋಸ್ಟ್‌ಗೆ ಎಷ್ಟು ಹೊರೆ ಅಂತ ಹೇಳುವವರು ಆ ಜಾಗದ ಕಮಾಂಡರ್. ಬಾಡಿಗೆಗೆ ಹಿಡಿದ ಊರವರ ಕುದುರೆಗೆ ಅಂಟುರೋಗ ಬಂದರೆ ರಾಜ್ಯದ ಪಶು ಇಲಾಖೆಯೂ ಇದರಲ್ಲಿ ಸೇರ್ಕೊಳ್ಳುತ್ತೆ. ಇಬ್ಬರು ಮ್ಯಾನೇಜರ್‌ಗಳಿಗೆ ರಿಪೋರ್ಟ್ ಮಾಡುವ ನನಗೆ ಇದು ಥಟ್ಟನೆ ಅರ್ಥವಾಯ್ತು. ಆದರೆ ನಮ್ಮಲ್ಲಿ ತಪ್ಪಿದರೆ ಡೆಡ್‌ಲೈನ್ ಹೋಗುತ್ತೆ, ಅಲ್ಲಿ ಜೀವ.

ಒಂದು ಸಲ ಹಾಗೇ ಆಯಿತು. ಜೀನು ಉಜ್ಜಿ ಬೆನ್ನು ಹುಣ್ಣಾಗಿದ್ದ ಹೇಸರಗತ್ತೆಗೆ ಡಾಕ್ಟರು ಹತ್ತು ದಿನ ವಿಶ್ರಾಂತಿ ಬರೆದಿದ್ದರು. ಆಸ್ಪತ್ರೆ ಇದ್ದದ್ದು ಕೆಳಗಿನ ಕಣಿವೆಯಲ್ಲಿ. ಪ್ರಾಣಿಗಳ ತುಕಡಿ ಅದೇ ಬೆಳಿಗ್ಗೆ ಮೇಲಿನ ಕ್ಯಾಂಪಿಗೆ ಜಾಗ ಬದಲಿಸಿತ್ತು. ಚೀಟಿ ಕೈ ಬದಲಿಸುತ್ತಾ ಎಲ್ಲೋ ಉಳಿದುಹೋಯಿತು. ಮೇಲೆ ರೇಷನ್ ಮುಗಿಯುತ್ತಾ ಬಂದಿತ್ತು, ಹಿಮ ಬೀಳುವ ಸೂಚನೆ ಬೇರೆ. ಗೊರಸಿನ ನಂಬರು ಪಟ್ಟಿಯಲ್ಲಿತ್ತು, ಹೊರೆ ಹೇರಿದರು.

“ನಾನು ಅಲ್ಲೇ ಇದ್ದೆ” ಅಂದರು ಚಿಕ್ಕಪ್ಪ. “ಬೇರೆ ಪ್ರಾಣಿಗೆ ಪಟ್ಟಿ ಕಟ್ಟೋಕೆ ಹೋಗಿದ್ದೆ. ಬೆನ್ನು ನೋಡಿದೆ. ಹೇಳೋ ರ‍್ಯಾಂಕು ನಂದಲ್ಲ ಅಂದ್ಕೊಂಡು ಸುಮ್ನಾದೆ.”

ನೋವಿಗೆ ಅದು ತಿರುವಿನಲ್ಲಿ ಬೆನ್ನು ಕೊಡವಿತು, ಕಾಲು ಜಾರಿತು. ಹೇಸರಗತ್ತೆಯೂ ಹೋಯಿತು, ರೇಷನ್ನೂ ಹೋಯಿತು. ಹಗ್ಗ ಹಿಡಿದಿದ್ದ ಹುಡುಗ ಕೈ ಬಿಟ್ಟಿದ್ದರಿಂದ ಉಳಿದುಕೊಂಡ. ಆಮೇಲೆ ವಿಚಾರಣೆ ಆದಾಗ ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗೇ ಮಾಡಿದ್ದರಂತೆ!

ಕೊಂಡಿ ಕೂಡಿದಾಗ

ಎಲ್ಲವೂ ಹೀಗೇ ಆಗುತ್ತೆ ಅಂತಲ್ಲ. 2022ರ ಅಕ್ಟೋಬರ್‌ನಲ್ಲಿ ಕಾಶ್ಮೀರದ ಅನಂತನಾಗ್‌ನಲ್ಲಿ ‘ಜೂಮ್’ ಎಂಬ ಸೇನಾ ನಾಯಿಗೆ ಎರಡು ಗುಂಡು ತಗುಲಿದವು. ಅದನ್ನು ಶ್ರೀನಗರದ ಸೇನಾ ಪಶು ಆಸ್ಪತ್ರೆಗೆ ತಲುಪಿಸಿ ಶಸ್ತ್ರಚಿಕಿತ್ಸೆ ಮಾಡಿದರು. 13ರಂದು ಜೂಮ್ ಸತ್ತಿತು, ನಿಜ. ಆದರೆ ಕಾರ್ಯಾಚರಣೆಯ ಜಾಗದಿಂದ ಆಪರೇಷನ್ ಟೇಬಲ್‌ವರೆಗೆ ಒಂದು ನಾಯಿಯನ್ನು ಮುಟ್ಟಿಸಬೇಕಾದರೆ ಎಷ್ಟು ಜನ ಒಂದೇ ಮಾತಿಗೆ ಬರಬೇಕು ಯೋಚಿಸಿ.

ಈ ಪಾಠ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲಕ್ಕೆ ‘ಅಮೃತ ಮಹಲ್’ ಆಯಿತು. ತೋಪು ಎಳೆಯಲು ಆ ಎತ್ತುಗಳಿಗೆ ಸಮ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅದೇ ವರ್ಷ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿದ ಬ್ರಿಟಿಷ್ ಪಡೆ ನಮ್ಮ ಶಿಕಾರಿಪುರದವರೆಗೂ ಬಂದಿತ್ತು. ಎತ್ತಿಲ್ಲದೆ ಸೇನೆ ಕದಲುವ ಕಾಲವಲ್ಲ ಅದು. ಆದರೂ ಆಮೇಲೆ ಏನಾಯಿತು ಗೊತ್ತಾ? ಅಮೃತ ಮಹಲ್ ಎತ್ತು ಬೇಕಾಗಿದ್ದು ಕಂಪನಿ ಸೇನೆಗೆ, ಸಾಕುವ ಹೊಣೆ ಮೈಸೂರು ಸರ್ಕಾರಕ್ಕೆ. ಕೆಲವೇ ವರ್ಷದಲ್ಲಿ ಹಿಂಡು ಸೊರಗಿತು. 1813ರಲ್ಲಿ ಮದ್ರಾಸ್ ಸೇನೆಯ ಕ್ಯಾಪ್ಟನ್ ಹಾರ್ವೆ ಎಂಬ ಒಬ್ಬರ ಕೈಗೆ ಪೂರ್ತಿ ಹೊಣೆ ಕೊಟ್ಟ ಮೇಲೆ ಚೇತರಿಸಿಕೊಂಡಿತು. 1860ರಲ್ಲಿ ಖರ್ಚು ಉಳಿಸೋಕೆ ಅಂತ ಹಿಂಡನ್ನೇ ಮಾರಿದರು. ಒಳ್ಳೆ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು.

“ಹಂಗಾದ್ರೆ ಯಾರ ಮಾತು ನಡೀಬೇಕು ಚಿಕ್ಕಪ್ಪಾ? ಡಾಕ್ಟರ್‌ದೋ, ಕಮಾಂಡರ್‌ದೋ?”

“ಹುಕುಂ ಕಮಾಂಡರ್‌ದೇ. ಮೇಲಿರೋರ ಹೊಟ್ಟೆನೂ ನೋಡ್ಬೇಕಲ್ಲಪ್ಪ ಅವರು. ಡಾಕ್ಟರ್ ಚೀಟಿ ನೋಡಿದ್ರೆ ಬೇರೆ ಪ್ರಾಣಿ ಕಳಿಸ್ತಿದ್ರು. ಅವತ್ತು ಅವರ ಕಿವಿಗೇ ಬೀಳ್ಲಿಲ್ಲ. ಬೆನ್ನು ನೋಡ್ದೋನು ಬಾಯಿ ಬಿಡ್ಬೇಕಿತ್ತು.”

ಅವತ್ತು ಹೋರಿ ಓಡಲಿಲ್ಲ. ಅಣ್ಣ ಎರಡು ದಿನ ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದ. ಮೂರನೇ ದಿನ ಪಶು ಡಾಕ್ಟರು ಬಂದು ಗೊರಸು ಕೆತ್ತಿ, ಒಳಗೆ ಮುರಿದಿದ್ದ ಮೊಳೆ ತೆಗೆದರು. ಚಿಕ್ಕಪ್ಪ ಏನೂ ಅನ್ನಲಿಲ್ಲ. ಬಿಸಿನೀರು ತಂದು, ಕಾಲು ತೊಳೆದು, ಪಟ್ಟಿ ಕಟ್ಟೋಕೆ ಕೂತರು. ಅಣ್ಣ ಹೋಗಿ ಹೋರಿಯ ಮೂಗುದಾರ ಹಿಡ್ಕೊಂಡ.