ನಿನ್ನಿ ಗೌರಿಗೆ ಏನಾತು?

ಮಧ್ಯಾಹ್ನದ ಊಟ ಮುಗಿದು, ರೊಟ್ಟಿಯ ಹಂಚು ಆರಿ, ಜೋಳ ಹಸನು ಮಾಡುವ ಮೊರಗಳು ಹೊರಗೆ ಬರುವ ಹೊತ್ತು. ‘ಪುಟ್ಟಗೌರಿ ಮದುವೆ’ ಪ್ರಸಾರವಾಗುತ್ತಿದ್ದ ದಿನಗಳಲ್ಲಿ ಬಸವನ ಬಾಗೇವಾಡಿಯ ಯಾವ ಓಣಿಯ ಕಟ್ಟೆಯ ಮೇಲಾದರೂ ನಾಲ್ಕು ಮಂದಿ ಹೆಣ್ಣುಮಕ್ಕಳು ಕೂಡಿದರೆಂದರೆ ಮಾತು ಶುರುವಾಗುತ್ತಿದ್ದುದು ಹೀಗೆ:

‘ನಿನ್ನಿ ನಮ್ಮ ಕಡೆ ಕರೆಂಟ್ ಹೋಗಿತ್ತವ್ವಾ, ಗೌರಿಗೆ ಏನಾತು?’

‘ಏನ್ ಆಗ್ತೈತಿ? ಆ ಮಹೇಶ ಬುದ್ಧಿ ಕಲಿಯೂತನಕ ಆಕಿಗೆ ಸುಖ ಇಲ್ಲ ಬಿಡ!’

ಹೊಸಬರು ಕೇಳಿದರೆ ಪಕ್ಕದ ಮನೆಯ ಸೊಸೆಯ ಸಂಗತಿ ಎಂದೇ ತಿಳಿದಾರು. ಅಜ್ಜಮ್ಮ ಮಾಡಿದ್ದು ಸರಿಯೇ, ಹಿಮಾಳದು ತಪ್ಪೇ ಎಂದು ವಾದ ಬೆಳೆದು, ಮೊರದಲ್ಲಿನ ಜೋಳ ಅಲ್ಲಿಯೇ ಉಳಿದದ್ದೂ ಉಂಟು. 2012ರ ಡಿಸೆಂಬರಿನಲ್ಲಿ ಈಟಿವಿ ಕನ್ನಡದಲ್ಲಿ ಆರಂಭವಾದ ಈ ಧಾರಾವಾಹಿ, 2015ರಲ್ಲಿ ವಾಹಿನಿಯ ಹೆಸರೇ ಕಲರ್ಸ್ ಕನ್ನಡ ಎಂದು ಬದಲಾದ ಮೇಲೂ ವರ್ಷಗಟ್ಟಲೆ ನಡೆಯಿತು. 2008ರಿಂದ 2016ರವರೆಗೆ ಹಿಂದಿಯಲ್ಲಿ ಪ್ರಸಾರವಾದ ‘ಬಾಲಿಕಾ ವಧು’ ಇದರ ಮೂಲ.

ಕಟ್ಟುಕಥೆಯ ಪಾತ್ರಕ್ಕಾಗಿ ಮಂದಿ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ? ಇದು ಕೇವಲ ಕಾಲಹರಣವೇ? ಮಕ್ಕಳ ಓದಿನ ಚಿಂತೆಯಲ್ಲಿರುವ ಪಾಲಕರು ತುಸು ನಿಂತು ಯೋಚಿಸಬೇಕಾದ ಪ್ರಶ್ನೆಗಳಿವು.

ಸಾಬೂನಿನಿಂದ ಬಂದ ಹೆಸರು

ಇಂಥ ಧಾರಾವಾಹಿಗಳಿಗೆ ಇಂಗ್ಲಿಷಿನಲ್ಲಿ ‘ಸೋಪ್ ಆಪೆರಾ’ ಎಂಬ ಹೆಸರಿದೆ. ಟಿವಿಗಿಂತ ಮೊದಲೇ ಹುಟ್ಟಿದ ಹೆಸರದು. 1930ರಲ್ಲಿ ಅಮೆರಿಕದ ಶಿಕಾಗೋದ ಬಾನುಲಿಯಲ್ಲಿ ಇರ್ನಾ ಫಿಲಿಪ್ಸ್ ಎಂಬ ಲೇಖಕಿ ‘ಪೇಂಟೆಡ್ ಡ್ರೀಮ್ಸ್’ ಎಂಬ ಕಥಾಮಾಲೆ ಆರಂಭಿಸಿದರು. ಹಗಲು ಹೊತ್ತಿನಲ್ಲಿ ಮನೆಗೆಲಸ ಮಾಡುತ್ತ ಕೇಳುತ್ತಿದ್ದ ಗೃಹಿಣಿಯರಿಗೆ ತಮ್ಮ ಸರಕು ಮಾರಲು ಸಾಬೂನು ಕಂಪನಿಗಳು ಇಂಥ ಕಥೆಗಳಿಗೆ ಹಣ ಹಾಕಿದವು. ಹೀಗೆ ಕಥೆಗೆ ಸಾಬೂನಿನ ಹೆಸರು ಅಂಟಿತು. 1937ರಲ್ಲಿ ಬಾನುಲಿಯಲ್ಲಿ ಶುರುವಾದ ‘ಗೈಡಿಂಗ್ ಲೈಟ್’ 1952ರಲ್ಲಿ ಟಿವಿಗೆ ಬಂದು, ಮುಗಿದದ್ದು 2009ರಲ್ಲಿ. ಅಜ್ಜಿ ಕೇಳಿದ ಕಥೆಯನ್ನು ಮೊಮ್ಮಗಳು ನೋಡಿ ಮುಗಿಸಿದಳು!

ನಮ್ಮ ದೇಶದಲ್ಲಿ 1984ರ ಜುಲೈ 7ರಂದು ದೂರದರ್ಶನದಲ್ಲಿ ‘ಹಮ್ ಲೋಗ್’ ಆರಂಭವಾಯಿತು. ಅದರ ಹಿಂದೆ ಮೆಕ್ಸಿಕೋದ ಮಿಗೆಲ್ ಸಾಬಿಡೋ ಅವರ ಪ್ರೇರಣೆಯಿತ್ತು. ಅವರು 1975ರಲ್ಲಿ ವಯಸ್ಕರ ಶಿಕ್ಷಣದ ವಿಷಯವನ್ನೇ ಧಾರಾವಾಹಿಯ ಕಥೆಯಾಗಿಸಿದಾಗ ಅಕ್ಷರ ಕಲಿಯಲು ಹೆಸರು ಹಚ್ಚುವವರ ಸಂಖ್ಯೆ ಏರಿತ್ತು. ‘ಹಮ್ ಲೋಗ್’ ನೋಡಿದವರು ದೂರದರ್ಶನಕ್ಕೆ ಬರೆದ ಪತ್ರಗಳು ಸುಮಾರು 4 ಲಕ್ಷ. 1994ರಲ್ಲಿ ಬಂದ ‘ಶಾಂತಿ’ ಮಧ್ಯಾಹ್ನದ ಹೊತ್ತಿಗೂ ಪ್ರೇಕ್ಷಕರಿದ್ದಾರೆ ಎಂಬುದನ್ನು ತೋರಿಸಿಕೊಟ್ಟಿತು.

ಕನ್ನಡದಲ್ಲಿ ಹಗಲಿನ ಧಾರಾವಾಹಿಗೆ ಘನತೆ ತಂದದ್ದು 1998ರ ‘ಮಾಯಾಮೃಗ’. ಟಿ.ಎನ್. ಸೀತಾರಾಮ್ ಮತ್ತು ಗೆಳೆಯರು ರೂಪಿಸಿದ ಈ ಕಥೆಗಾಗಿ ಸಂಜೆ ನಾಲ್ಕೂವರೆಗೆ ಮನೆಮಂದಿಯೆಲ್ಲ ದೂರದರ್ಶನದ ಮುಂದೆ ಕೂಡುತ್ತಿದ್ದರು. ಮುಂದೆ ಸೀತಾರಾಮ್ ಅವರು ತಮ್ಮ ‘ಮುಕ್ತ’ ಧಾರಾವಾಹಿಗಳ ಪ್ರೇಕ್ಷಕರೊಡನೆ ಊರುಗಳಲ್ಲಿ ಸಂವಾದವನ್ನೇ ನಡೆಸಿದರು. ವೈಶಾಲಿ ಕಾಸರವಳ್ಳಿ ಅವರ ‘ಮೂಡಲ ಮನೆ’ ಉತ್ತರ ಕರ್ನಾಟಕದ ಮಾತನ್ನು ನಗೆಚಾಟಿಕೆಗೆ ಬಳಸದೆ ಮನೆಮಾತಾಗಿಯೇ ಆಡಿಸಿತು. ಈ ಭಾಗದ ಪ್ರೇಕ್ಷಕರಿಗೆ ಅದು ತಮ್ಮದೇ ವಾಡೆಯ ಕಥೆಯೆನಿಸಿದ್ದು ಸಹಜ.

ಪುರಾಣದಿಂದ ಟಿವಿಗೆ

ಹಾಗೆ ನೋಡಿದರೆ ಬಾಗೇವಾಡಿ ಸೀಮೆಗೆ ಕಂತುಕಂತಾಗಿ ಕಥೆ ಕೇಳುವುದು ಹೊಸದಲ್ಲ. ಶ್ರಾವಣ ಬಂತೆಂದರೆ ಮಠ, ಗುಡಿಗಳಲ್ಲಿ ತಿಂಗಳುದ್ದಕ್ಕೂ ಸಂಜೆ ಪುರಾಣ ನಡೆಯುತ್ತದೆ. ಕಥೆ ರಂಗೇರಿದಾಗಲೇ ಶಾಸ್ತ್ರಿಗಳು ಅಂದಿನ ಅಧ್ಯಾಯ ಮುಗಿಸುತ್ತಾರೆ. ‘ಮುಂದೇನಾತು?’ ಎಂಬ ಪ್ರಶ್ನೆ ಹೊತ್ತು ಮನೆಗೆ ಹೋದವರು ಮರುದಿನ ತಪ್ಪದೆ ಬರುತ್ತಾರೆ. ಟಿವಿ ಮಾಡಿದ್ದು ಇಷ್ಟೇ: ತಿಂಗಳ ಪುರಾಣವನ್ನು ಏಳೆಂಟು ವರ್ಷಕ್ಕೆ ಎಳೆಯಿತು, ನಡುವೆ ಜಾಹೀರಾತು ಸೇರಿಸಿತು.

ಈ ‘ಮುಂದೇನಾತು’ವಿನ ಬೆನ್ನು ಹತ್ತಿದವರಲ್ಲಿ ವಿಜ್ಞಾನಿಗಳೂ ಇದ್ದಾರೆ. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲಿ ಪ್ರಕಟಿಸಿದರು. ನಂತರದ ಪ್ರಯೋಗಗಳಲ್ಲಿ ಎಲ್ಲ ಕಡೆಯೂ ಇದೇ ಫಲ ಬಂದಿಲ್ಲ. ಆದರೆ ಅರ್ಧಕ್ಕೆ ಬಿಟ್ಟದ್ದಕ್ಕೆ ಮರಳಬೇಕೆಂಬ ತುಡಿತ ಮಾತ್ರ ನಿಜವೆಂದು ಕಂಡುಬಂದಿದೆ. ಬಾಗಿಲು ತೆರೆಯುವ ಹೊತ್ತಿಗೇ ಸಂಚಿಕೆ ಮುಗಿಯುವುದರ ಗುಟ್ಟು ಇದು. ಇನ್ನು 1956ರಲ್ಲಿ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ವಿದ್ವಾಂಸರು, ದಿನವೂ ಪರದೆಯ ಮೇಲೆ ಕಾಣುವವರೊಡನೆ ನೋಡುಗರಿಗೆ ಏಕಮುಖ ಗೆಳೆತನ ಬೆಳೆಯುತ್ತದೆ ಎಂದು ವಿವರಿಸಿದರು. ನಾವು ಗೌರಿಯನ್ನು ಬಲ್ಲೆವು. ಗೌರಿ ನಮ್ಮನ್ನು ಅರಿಯಳು.

ಬೆಟ್ಟದಿಂದ ಬಿದ್ದ ಗೌರಿ

2018ರ ಸುಮಾರಿಗೆ ಗೌರಿ ಬೆಟ್ಟದ ಮೇಲಿಂದ ಬಿದ್ದರೂ ಬದುಕುಳಿದಳು. ನಾಡಿನ ತುಂಬ ನಗೆ ಎದ್ದಿತು. ಮೊಬೈಲುಗಳಲ್ಲಿ ವ್ಯಂಗ್ಯಚಿತ್ರಗಳು ಹರಿದಾಡಿದವು. ನಕ್ಕವರಲ್ಲಿ ಲೆಕ್ಕ ಹಾಕಿದವರೆಷ್ಟು ಮಂದಿಯೋ! ವಿದ್ಯಾರ್ಥಿಗಳು ಇದನ್ನೇ ಒಂದು ಸಮಸ್ಯೆಯಾಗಿ ಬಿಡಿಸಬಹುದು.

ಮೇಲಿನಿಂದ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಕೇವಲ 3 ಸೆಕೆಂಡು ಬಿದ್ದವರು ಸುಮಾರು 44 ಮೀಟರ್ ಕೆಳಗಿಳಿದಿರುತ್ತಾರೆ. ಆಗಿನ ವೇಗ ಸೆಕೆಂಡಿಗೆ 29.4 ಮೀಟರ್, ಅಂದರೆ ಗಂಟೆಗೆ ಸುಮಾರು 106 ಕಿಲೋಮೀಟರ್! ಈ ವೇಗದಲ್ಲಿ ಅಪ್ಪಳಿಸಿದರೆ ನೀರೂ ಮೆತ್ತಗಿರುವುದಿಲ್ಲ. ಪರದೆಯ ಮೇಲೆ ಬೀಳುವ ದೃಶ್ಯ ಬಹಳ ಹೊತ್ತು ಕಾಣಲು ಕಾರಣ ಚಿತ್ರದ ವೇಗ ತಗ್ಗಿಸುವ ತಂತ್ರ. ಹೀಗೆ ಲೆಕ್ಕ ಹಾಕಿ ನೋಡಿದ ಹುಡುಗನಿಗೆ ಗುರುತ್ವ ಪರೀಕ್ಷೆಯ ನಂತರವೂ ಮರೆಯುವುದಿಲ್ಲ.

ಕಥೆ ಮುಗಿದ ಮೇಲೂ ಉಳಿಯುವ ಪ್ರಶ್ನೆ

ಬೆಟ್ಟದ ಪ್ರಸಂಗಕ್ಕೆ ನಕ್ಕವರು ಬಹಳ. ಆದರೆ ಕಥೆ ಶುರುವಾದದ್ದೇ ಬಾಲ್ಯವಿವಾಹದಿಂದ ಎಂಬುದನ್ನು ನೆನಪಿಟ್ಟವರು ಕಡಿಮೆ. ಅದು ನಗುವ ವಿಷಯವಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಲೇಬೇಕು. ಕರ್ನಾಟಕದ 2016ರ ತಿದ್ದುಪಡಿಯಂತೆ ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹಾಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ರಾಜ್ಯದ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತೆಂದು ತಿಳಿದುಬಂದಿದೆ. ಐವರಲ್ಲಿ ಒಬ್ಬಳಿಗಿಂತ ಹೆಚ್ಚು!

ಧಾರಾವಾಹಿಯ ತೊಡಕು ಇರುವುದೇ ಇಲ್ಲಿ. ಪುಟ್ಟ ಮದುಮಗಳ ರೇಷ್ಮೆ ಸೀರೆ, ಮೂಗುಬೊಟ್ಟು ಕಣ್ಣಿಗೆ ಚೆಂದ. ಆದರೆ ಆಕೆ ಬಿಟ್ಟ ಶಾಲೆ, ಬಲಿಯದ ಮೈಯಲ್ಲಿ ಬಸಿರು ಹೊತ್ತಾಗಿನ ಅಪಾಯ, ರಕ್ತಹೀನತೆ ಇವು ಪರದೆಯ ಮೇಲೆ ಅಷ್ಟು ಎದ್ದು ಕಾಣುವುದಿಲ್ಲ. ಕಟ್ಟೆಯ ಮೇಲಿನ ಚರ್ಚೆ ಬೇಕಾಗುವುದು ಇದಕ್ಕೇ. ‘ನಿಮ್ಮ ಮಗಳ ಸಾಲಿ ಬಿಡಿಸಬ್ಯಾಡ್ರಿ’ ಎಂದು ಪಕ್ಕದ ಮನೆಯವರ ಮುಖಕ್ಕೆ ಹೇಳುವುದು ಕಷ್ಟ. ‘ಗೌರಿ ಓದಿದ್ದರ ಆಕಿಗೆ ಈ ಪಾಡು ಬರ್ತಿತ್ತೇನ್ರೀ?’ ಎಂದು ಕೇಳುವುದು ಸುಲಭ. ಕಥೆಯ ನೆವದಲ್ಲಿ ಆಡಿದ ಮಾತು ನೇರ ಮಾತಿಗಿಂತ ದೂರ ಹೋಗಬಲ್ಲದು. ‘ಸಾಬಿಡೋ ಪದ್ಧತಿ’ ನಂಬಿದ್ದೂ ಇದನ್ನೇ.

ಪಾಲಕರಿಗೆ ಎರಡು ಮಾತು

ಮೊದಲು ಗಣಿತ. ದಿನಕ್ಕೆ ಅರ್ಧ ಗಂಟೆಯ ಒಂದು ಧಾರಾವಾಹಿಯನ್ನು ವಾರಕ್ಕೆ ಆರು ದಿನ ನೋಡಿದರೆ ವರ್ಷಕ್ಕೆ 156 ಗಂಟೆ. ಎರಡಾದರೆ 312. ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಬಾಬತ್ತಲ್ಲ. ಆದರೆ ಮಗಳನ್ನು ಕೋಣೆಗೆ ಅಟ್ಟಿ, ಪಕ್ಕದ ಪಡಸಾಲೆಯಲ್ಲಿ ದೊಡ್ಡವರು ದನಿ ಏರಿಸಿ ಟಿವಿ ನೋಡಿದರೆ ಆಕೆಯ ಕಣ್ಣು ಪುಸ್ತಕದ ಮೇಲಿದ್ದರೂ ಕಿವಿ ಗೌರಿಯ ಕಡೆಗೇ. ನಿಯಮ ಮಾಡಿದರೆ ಮನೆಮಂದಿಗೆಲ್ಲ ಒಂದೇ ಆಗಿರಲಿ.

ಎರಡನೆಯದು, ನೋಡಿದ್ದನ್ನು ಮಕ್ಕಳೊಡನೆ ಮಾತಾಡಿ. ‘ಇದು ನಡೆಯಲು ಸಾಧ್ಯವೇ? ಆಕೆಯ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ? ಕಾನೂನು ಏನು ಹೇಳುತ್ತದೆ?’ ಎಂದು ಕೇಳಿ. ಗೌರಿಯ ಕಷ್ಟ ಬರೆದವರು ಅದನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಬಲ್ಲರು. ಓಣಿಯ ಹುಡುಗಿಯ ಬಾಳಿಗೆ ಆ ಅನುಕೂಲವಿಲ್ಲ. ಪಕ್ಕದಲ್ಲೇ ಅಂಥ ಮದುವೆಯ ತಯಾರಿ ನಡೆದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನು ಸಾಕು. ಅದಕ್ಕೆ ಕಾಸೂ ಬೀಳುವುದಿಲ್ಲ.