ಸಂಶೋಧನೆಯ ಸಂತೆ

ನಗರಗೆರೆಯ ಸುತ್ತಿನ ಹಳ್ಳಿಗಳ ರೈತನೊಬ್ಬನು ತನ್ನ ರಾಗಿ ಹೊಲದ ಗುಣವನ್ನು ತಿಳಿಯಬೇಕೆಂದು ಬಯಸಿದನೆನ್ನೋಣ. ಅವನು ಹೊಲದ ಎಂಟು ಹತ್ತು ಕಡೆಗಳಲ್ಲಿ ಸುಮಾರು 15 ಸೆಂಟಿಮೀಟರು ಆಳದ ಗುಂಡಿ ತೋಡುತ್ತಾನೆ. ಗುಂಡಿಯ ಬದಿಯ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಕೆತ್ತಿ, ಎಲ್ಲವನ್ನೂ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋಗ್ರಾಂನಷ್ಟನ್ನು ಚೀಲಕ್ಕೆ ತುಂಬಿ ಮಣ್ಣು ಪರೀಕ್ಷೆಯ ಪ್ರಯೋಗಾಲಯಕ್ಕೆ ಕಳುಹಿಸುತ್ತಾನೆ. ಮಣ್ಣು ಆಮ್ಲೀಯವೋ ಕ್ಷಾರೀಯವೋ, ಅದರಲ್ಲಿ ರಂಜಕವೆಷ್ಟು, ಪೊಟ್ಯಾಷ್ ಎಷ್ಟು ಎಂಬ ಉತ್ತರ ಒಂದು ಹಾಳೆಯಲ್ಲಿ ಬರೆದು ಬರುತ್ತದೆ. ಪರೀಕ್ಷೆ ಮಾಡಿದವರು ಬೇರೆ, ಮಾಡಿಸಿದವನು ಬೇರೆ. ಆದರೂ ಅದು ಆ ರೈತನ ಪ್ರಶ್ನೆಗೆ ದೊರೆತ ಉತ್ತರವೇ ಸರಿ. ಅವನೇನಾದರೂ ಗೊಬ್ಬರದ ತಿಪ್ಪೆಯ ಪಕ್ಕದ ಮಣ್ಣನ್ನು ತುಂಬಿ ಕಳುಹಿಸಿದ್ದರೆ, ಪ್ರಯೋಗಾಲಯವು ಎಷ್ಟೇ ನಿಷ್ಠೆಯಿಂದ ಅಳೆದರೂ ಆ ಹಾಳೆ ಹೊಲಕ್ಕೆ ಉಪಯೋಗವಾಗದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದೊಡ್ಡ ದೊಡ್ಡ ವಿಜ್ಞಾನಿಗಳ ಪಾಡೂ ಇಂದು ಈ ರೈತನದಕ್ಕಿಂತ ಬಹಳ ಭಿನ್ನವಾಗಿಲ್ಲವೆಂದರೆ ನಿಮಗೆ ಆಶ್ಚರ್ಯವಾಗಬಹುದು. ವಿಜ್ಞಾನಿ ಎಂದೊಡನೆ ತನ್ನದೇ ಕೋಣೆಯಲ್ಲಿ, ತನ್ನದೇ ಗಾಜಿನ ನಳಿಕೆಗಳ ನಡುವೆ ಒಬ್ಬಂಟಿಯಾಗಿ ದುಡಿಯುವ ವ್ಯಕ್ತಿಯ ಚಿತ್ರ ನಮ್ಮ ಕಣ್ಣೆದುರಿಗೆ ಬರುತ್ತದೆ. ಆ ಕಾಲ ಬಹುಮಟ್ಟಿಗೆ ಕಳೆದುಹೋಗಿದೆ. ಒಂದು ಉತ್ತಮ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬೆಲೆ ಕೋಟಿಗಟ್ಟಲೆ ರೂಪಾಯಿ. ಕೊಂಡರೂ ಅದನ್ನು ನಡೆಸಲು ನುರಿತವರು ಬೇಕು. ಇಷ್ಟೆಲ್ಲ ಮಾಡಿ ಒಬ್ಬ ಸಂಶೋಧಕನಿಗೆ ಅದರಿಂದ ಆಗಬೇಕಾದ ಕೆಲಸ ವರ್ಷಕ್ಕೆ ನಾಲ್ಕೇ ದಿನದ್ದಾಗಿರಬಹುದು. ಆದುದರಿಂದ ತನ್ನಲ್ಲಿಲ್ಲದ ಉಪಕರಣದ ಕೆಲಸವನ್ನು, ಅದು ಉಳ್ಳವರಿಂದ ಹಣ ಕೊಟ್ಟು ಮಾಡಿಸಿಕೊಳ್ಳುವ ಪದ್ಧತಿ ಬೆಳೆಯಿತು. ಇದನ್ನು ಗುತ್ತಿಗೆ ಸಂಶೋಧನೆ ಎನ್ನುತ್ತಾರೆ.

ಈ ಪದ್ಧತಿಯು ನಮ್ಮ ದೇಶದಲ್ಲಿ ಬೇರೂರಿದ ಊರುಗಳಲ್ಲಿ ಬೆಂಗಳೂರು ಮುಖ್ಯವಾದುದು. ಅಲ್ಲಿ 1978ರಲ್ಲಿ ಕಿರಣ್ ಮಜುಂದಾರ್ ಅವರು ಬಯೋಕಾನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. 1993ರಲ್ಲಿ ಅದರ ಅಂಗವಾಗಿ ಸಿಂಜೀನ್ ಎಂಬ ಸಂಸ್ಥೆ ಹುಟ್ಟಿತು. ಹೊರದೇಶಗಳ ಔಷಧ ಕಂಪನಿಗಳು ಬಯಸಿದ ಸಂಯುಕ್ತಗಳನ್ನು ತಯಾರಿಸಿಕೊಡುವುದು, ಅವುಗಳ ಗುಣಗಳನ್ನು ಪರೀಕ್ಷಿಸಿ ವರದಿ ಮಾಡುವುದು ಅದರ ಕಾರ್ಯ. ಪ್ರಶ್ನೆ ಅಮೆರಿಕೆಯದು, ಉತ್ತರ ಹುಡುಕುವ ಕೈ ಬೆಂಗಳೂರಿನದು.

ಇಂತಹ ಒಪ್ಪಂದಗಳು ಮೊದಲಿಗೆ ದೊಡ್ಡ ಕಂಪನಿಗಳಿಗೆ ಮಾತ್ರ ಸಾಧ್ಯವಿದ್ದುವು. ಸಣ್ಣ ಪ್ರಯೋಗಾಲಯದ ಸಂಶೋಧಕನಿಗೆ ಯಾರಲ್ಲಿ ಯಾವ ಉಪಕರಣವಿದೆ, ದರವೆಷ್ಟು ಎಂಬುದೇ ತಿಳಿಯುತ್ತಿರಲಿಲ್ಲ. ಸ್ತನ ಕ್ಯಾನ್ಸರನ್ನು ಕುರಿತು ಅಧ್ಯಯನ ನಡೆಸಿದ್ದ ಎಲಿಜಬೆತ್ ಅಯಾರ್ನ್ಸ್ ಎಂಬ ವಿಜ್ಞಾನಿ ತನ್ನ ಸಂಗಡಿಗರೊಡನೆ 2011ರಲ್ಲಿ ಅಮೆರಿಕೆಯಲ್ಲಿ 'ಸೈನ್ಸ್ ಎಕ್ಸ್‌ಚೇಂಜ್' ಎಂಬ ಅಂತರಜಾಲದ ಸಂತೆಯನ್ನು ತೆರೆದರು. ಸಂತೆ ಎಂಬ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. ಪ್ರಯೋಗ ಬೇಕಾದವನು ತನ್ನ ಬೇಡಿಕೆಯನ್ನು ಅಲ್ಲಿ ಬರೆದಿಡುತ್ತಾನೆ. ಮಾಡಿಕೊಡಬಲ್ಲ ಪ್ರಯೋಗಾಲಯಗಳು ತಮ್ಮ ದರವನ್ನೂ ಅವಧಿಯನ್ನೂ ತಿಳಿಸುತ್ತವೆ. ಒಪ್ಪಿಗೆಯಾದ ಮೇಲೆ ಮಾದರಿಯನ್ನು ಕಳುಹಿಸುತ್ತಾನೆ; ಫಲಿತಾಂಶ ಅವನ ಗಣಕಯಂತ್ರಕ್ಕೆ ಬಂದು ಸೇರುತ್ತದೆ.

ಖಾಸಗಿ ಸಂತೆಯಲ್ಲದ, ಆದರೆ ಇದೇ ಜಾತಿಯ ಏರ್ಪಾಡೊಂದು ನಮ್ಮಲ್ಲಿಯೂ ಇದೆ. 2020ರ ಜನವರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ನಡೆದ 107ನೆಯ ಭಾರತೀಯ ವಿಜ್ಞಾನ ಸಮ್ಮೇಳನದ ಸಂದರ್ಭದಲ್ಲಿ ಪ್ರಧಾನಮಂತ್ರಿಗಳು 'ಐ-ಸ್ಟೆಮ್' ಎಂಬ ಜಾಲತಾಣವನ್ನು ಉದ್ಘಾಟಿಸಿದರು. ಸರ್ಕಾರದ, ಎಂದರೆ ಜನರ, ಹಣದಿಂದ ಕೊಂಡ ಉಪಕರಣಗಳು ಯಾವ ಯಾವ ಸಂಸ್ಥೆಗಳಲ್ಲಿವೆ ಎಂಬ ಪಟ್ಟಿ ಅದರಲ್ಲಿ ದೊರೆಯುತ್ತದೆ. ಸಣ್ಣ ಊರಿನ ಕಾಲೇಜಿನ ಅಧ್ಯಾಪಕನೂ ಹೆಸರು ನೋಂದಾಯಿಸಿ, ನಿಗದಿಯಾದ ಶುಲ್ಕ ತೆತ್ತು ಅವುಗಳ ಬಳಕೆಗಾಗಿ ಕೋರಬಹುದು. ಬೀಗ ಹಾಕಿದ ಕೋಣೆಯಲ್ಲಿ ಧೂಳು ಹಿಡಿಯುವ ಯಂತ್ರಕ್ಕಿಂತ ಹತ್ತು ಜನರ ಕೈಗೆ ಎಟಕುವ ಯಂತ್ರ ಮೇಲಲ್ಲವೆ?

ಹಣಕ್ಕೆ ಮಾಡುವ ಪ್ರಯೋಗದಲ್ಲಿ ಶ್ರದ್ಧೆ ಎಲ್ಲಿಂದ ಬಂದೀತೆಂದು ಕೆಲವರು ಸಂದೇಹಿಸುತ್ತಾರೆ. ಈ ಸಂದೇಹಕ್ಕೆ ಒಂದು ವಿಚಿತ್ರವಾದ ಉತ್ತರವಿದೆ. 2013ರಲ್ಲಿ ಸೈನ್ಸ್ ಎಕ್ಸ್‌ಚೇಂಜ್ ಮತ್ತು ಇನ್ನೊಂದು ಸಂಸ್ಥೆ ಸೇರಿ ಒಂದು ದೊಡ್ಡ ಕಾರ್ಯವನ್ನು ಕೈಗೊಂಡುವು. ಕ್ಯಾನ್ಸರನ್ನು ಕುರಿತು ಪ್ರಸಿದ್ಧ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದ 53 ಲೇಖನಗಳನ್ನು ಆರಿಸಿ, ಅವುಗಳಲ್ಲಿನ 193 ಪ್ರಯೋಗಗಳನ್ನು ಸಂತೆಯ ಪ್ರಯೋಗಾಲಯಗಳ ಮೂಲಕ ಮತ್ತೊಮ್ಮೆ ಮಾಡಿಸಿ ನೋಡುವುದೇ ಆ ಕಾರ್ಯ. ಇದರಲ್ಲೊಂದು ಸೊಗಸಿದೆ. ಬಾಡಿಗೆಯ ಪ್ರಯೋಗಾಲಯಕ್ಕೆ ಉತ್ತರ ಹೀಗೆಯೇ ಬರಲಿ ಎಂಬ ಆಸೆಯಿಲ್ಲ. ಹೌದೆಂದರೂ ಅಲ್ಲವೆಂದರೂ ಅದಕ್ಕೆ ಸಲ್ಲುವ ಕೂಲಿ ಒಂದೇ. ಮೊದಲು ಕಂಡುಹಿಡಿದವರಿಗಾದರೋ ಕೀರ್ತಿಯ ಹಂಬಲವಿರುತ್ತದೆ.

ಆದರೆ ಕೆಲಸ ಮೊದಲ ಹೆಜ್ಜೆಯಲ್ಲಿಯೇ ಎಡವಿತು. 193 ಪ್ರಯೋಗಗಳಲ್ಲಿ ಒಂದನ್ನಾದರೂ, ಲೇಖನವೊಂದನ್ನೇ ಓದಿಕೊಂಡು ಮತ್ತೆ ಮಾಡಲು ಸಾಧ್ಯವಾಗುವಷ್ಟು ವಿವರವಾಗಿ ಯಾರೂ ಬರೆದಿರಲಿಲ್ಲ! ಎಷ್ಟು ಪ್ರಮಾಣ, ಎಷ್ಟು ಹೊತ್ತು, ಯಾವ ಬಗೆಯ ಜೀವಕೋಶ ಎಂಬುದನ್ನೆಲ್ಲ ಮೂಲ ಲೇಖಕರಿಗೆ ಪತ್ರ ಬರೆದು ಕೇಳಬೇಕಾಯಿತು. ಹಲವರು ಮನಸಾರೆ ನೆರವಾದರು. ಕೆಲವರು ಉತ್ತರವನ್ನೇ ಕೊಡಲಿಲ್ಲ. 2021ರಲ್ಲಿ ಕಾರ್ಯ ಮುಗಿದಾಗ 23 ಲೇಖನಗಳ 50 ಪ್ರಯೋಗಗಳನ್ನಷ್ಟೇ ಪೂರೈಸಲು ಸಾಧ್ಯವಾಗಿತ್ತು. ಮೂಲದಲ್ಲಿ ಪರಿಣಾಮ ಕಂಡಿತೆಂದು ಹೇಳಿದ್ದ ಪ್ರಯೋಗಗಳನ್ನು ಮತ್ತೆ ಮಾಡಿದಾಗ ದೊರೆತ ಪರಿಣಾಮವು, ಮಧ್ಯಾಂಕದ ಲೆಕ್ಕದಲ್ಲಿ, ಮೊದಲಿನದಕ್ಕಿಂತ ಶೇಕಡಾ 85ರಷ್ಟು ಕಡಿಮೆಯಾಗಿತ್ತು. ಮೊದಲಿನವರೆಲ್ಲ ಸುಳ್ಳು ಹೇಳಿದರೆಂದು ಇದರಿಂದ ತಿಳಿಯಬಾರದು. ಆದರೆ ಆ ಫಲಿತಾಂಶಗಳನ್ನು ನಂಬಿ ಔಷಧಕ್ಕಾಗಿ ಕಾದಿರುವ ರೋಗಿಗಳನ್ನು ನೆನೆದರೆ, ಅಪರಿಚಿತನೊಬ್ಬನು ಓದಿ ಮಾಡುವಂತೆ ಬರೆಯುವುದು ಎಷ್ಟು ದೊಡ್ಡ ಹೊಣೆಯೆಂಬುದು ಗೊತ್ತಾಗುತ್ತದೆ. ವಿಜ್ಞಾನದ ದಾಖಲೆ ಪುಸ್ತಕದಲ್ಲಿ 'ಸ್ವಲ್ಪ ಆಮ್ಲವನ್ನು ಹಾಕಿದೆನು' ಎಂದು ಬರೆಯುವ ವಿದ್ಯಾರ್ಥಿಗಳನ್ನು ನಾನು ಬಹಳ ಕಂಡಿದ್ದೇನೆ. ಸ್ವಲ್ಪ ಎಂದರೆ ಎಷ್ಟು?

ಈ ವ್ಯವಸ್ಥೆಯಲ್ಲಿ ನನಗೆ ಹಿಡಿಸದ ಸಂಗತಿಯೂ ಇದೆ. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ಬಿಚ್ಚುವ ಕೆಲಸಗಾರನಿಗೆ ತನ್ನ ನೂಲು ಎಲ್ಲಿಯ ಯಾವ ಸೀರೆಯಾಯಿತೆಂಬುದು ತಿಳಿಯದು. ಗುತ್ತಿಗೆಯ ಪ್ರಯೋಗಾಲಯದ ತರುಣ ವಿಜ್ಞಾನಿಯ ಸ್ಥಿತಿಯೂ ಕೆಲವೊಮ್ಮೆ ಹೀಗೆಯೇ. ವ್ಯಾಪಾರದ ಗುಟ್ಟು ಹೊರಬೀಳಬಾರದೆಂದು ಅವನ ಕೈಗೆ ಬರುವ ಮಾದರಿಗೆ ಹೆಸರಿಲ್ಲದೆ ಬರಿಯ ಸಂಖ್ಯೆಯಿರಬಹುದು. ಕಂಡುಹಿಡಿದುದರ ಒಡೆತನ ಸಾಮಾನ್ಯವಾಗಿ ಹಣ ಕೊಟ್ಟವರದು. ಕೂಲಿ ನ್ಯಾಯವಾಗಿಯೇ ದೊರೆಯಬಹುದು; ಆದರೆ 'ಏಕೆ' ಎಂಬ ಪ್ರಶ್ನೆಯ ಸುಖ ದೊರೆಯುವುದಿಲ್ಲ.

ಎಲ್ಲ ಪ್ರಶ್ನೆಗಳಿಗೂ ಬಾಡಿಗೆಯ ಉಪಕರಣ ಸಿಕ್ಕುವುದೂ ಇಲ್ಲ. ನಮ್ಮ ಗೌರಿಬಿದನೂರಿನ ಬಳಿಯ ಬಯಲನ್ನೇ ನೋಡಿ. ಆಕಾಶದಿಂದ ಬರುವ ದೀರ್ಘ ತರಂಗಾಂತರದ ರೇಡಿಯೋ ಅಲೆಗಳನ್ನು ಹಿಡಿಯಲೆಂದು ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು 1970ರ ದಶಕದಲ್ಲಿ ಅಲ್ಲಿ ಒಂದು ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ನಿಲ್ಲಿಸಿದುವು. ಅದರ ಪೂರ್ವ ಪಶ್ಚಿಮದ ತೋಳಿನ ಉದ್ದವೇ ಸುಮಾರು 1.4 ಕಿಲೋಮೀಟರು. ಅಂತಹ ದೂರದರ್ಶಕ ಯಾವ ಅಂಗಡಿಯಲ್ಲಿಯೂ ಇರಲಿಲ್ಲ. ಪ್ರಶ್ನೆ ಕೇಳಿದವರೇ ಅದನ್ನು ಕಟ್ಟಿಕೊಳ್ಳಬೇಕಾಯಿತು.

ಸಂತೆಯೆಂದ ಮೇಲೆ ಕಳ್ಳಸರಕೂ ಇರುತ್ತದೆ. ಪ್ರಯೋಗವನ್ನಲ್ಲ, ಸಂಶೋಧನ ಲೇಖನವನ್ನೇ ಸಿದ್ಧಪಡಿಸಿ ಮಾರುವವರು ಹುಟ್ಟಿಕೊಂಡಿದ್ದಾರೆ. ಹಣ ಕೊಟ್ಟವನ ಹೆಸರು ಲೇಖಕನ ಸ್ಥಾನದಲ್ಲಿ ಅಚ್ಚಾಗುತ್ತದೆ. ಒಳಗಿನ ಅಂಕಿಗಳು ಎಷ್ಟೋ ವೇಳೆ ಕಟ್ಟುಕಥೆ. 2023ರೊಂದರಲ್ಲಿಯೇ ಪ್ರಪಂಚದ ಪತ್ರಿಕೆಗಳು ಹತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಹಿಂದಕ್ಕೆ ಪಡೆದುವು. ಅವುಗಳಲ್ಲಿ ಇಂತಹವು ಬಹಳ. ವಸ್ತುಪ್ರದರ್ಶನದ ಹಿಂದಿನ ಸಂಜೆ ಅಂಗಡಿಯಿಂದ ಜ್ವಾಲಾಮುಖಿಯ ಮಾದರಿಯನ್ನು ಕೊಂಡು ತಂದು ಅದರ ಮೇಲೆ ತನ್ನ ಹೆಸರಿನ ಚೀಟಿ ಅಂಟಿಸುವ ಹುಡುಗನೂ ಇವರ ಸಮೀಪದ ನೆಂಟನೇ. ಮಣ್ಣನ್ನು ಪರೀಕ್ಷೆಗೆ ಕಳುಹಿಸಿದ ರೈತನು ಅಳೆಯುವ ಕೆಲಸವನ್ನು ಮಾತ್ರ ಪರರಿಗೆ ಒಪ್ಪಿಸಿದನು. ಯಾವ ಹೊಲ, ಯಾವ ಮಣ್ಣು, ಉತ್ತರ ಬಂದ ಮೇಲೆ ಏನು ಬಿತ್ತಬೇಕು ಎಂಬುದನ್ನು ತಾನೇ ಇಟ್ಟುಕೊಂಡನು. ಇವರಾದರೋ ಎಲ್ಲವನ್ನೂ ಮಾರಾಟಕ್ಕೆ ಬಿಟ್ಟವರು.

ಈಚೆಗೆ ಅನೇಕ ಪತ್ರಿಕೆಗಳು ಲೇಖನದ ಕೊನೆಯಲ್ಲಿ ಯಾರು ಯಾವ ಕೆಲಸ ಮಾಡಿದರೆಂಬುದನ್ನು ಬಿಡಿಸಿ ಬರೆಯಬೇಕೆಂದು ಕೇಳುತ್ತಿವೆ. ಇದಕ್ಕಾಗಿ 14 ಬಗೆಯ ಕೆಲಸಗಳ ಪಟ್ಟಿಯೊಂದು ಬಳಕೆಗೆ ಬಂದಿದೆ. ಪ್ರಶ್ನೆಯನ್ನು ಯೋಚಿಸಿದವರು, ಪ್ರಯೋಗ ನಡೆಸಿದವರು, ಲೆಕ್ಕ ಹಾಕಿದವರು, ಹಣ ಒದಗಿಸಿದವರು ಎಂದು ಬೇರೆ ಬೇರೆಯಾಗಿ ನಮೂದಾಗುತ್ತದೆ. ದೂರದ ಊರಿನಲ್ಲಿ ಕೂಲಿಗೆ ಅಳೆದುಕೊಟ್ಟವರ ಹೆಸರು ಬರುವುದಾದರೆ, ಬಹುತೇಕ ಕೃತಜ್ಞತೆಯ ಒಂದು ಸಾಲಿನಲ್ಲಿ ಬರುತ್ತದೆ. ಅದನ್ನು ಓದುವವರು ಕಡಮೆ.